ಕರಗದ ಚಾಕಲೇಟು

ಚನ್ನಗಿರಿಯಲ್ಲಿ ನನ್ನ ಸೊಸೆ ಕೋಕೋ ಬೀಜ ಹುರಿದು, ಅರೆದು, ಕೈಯಿಂದಲೇ ಚಾಕಲೇಟು ಮಾಡುವ ಕಂಪನಿ ತೆರೆದಳು. ಕಲಬೆರಕೆಯಿಲ್ಲ ಎಂದು ಪೊಟ್ಟಣದ ಮೇಲೆ ತನ್ನ ಸಹಿಯನ್ನೇ ಅಚ್ಚು ಹಾಕಿಸಿದ್ದಳು. ಹೊನ್ನಾಳಿ, ನ್ಯಾಮತಿಯಲ್ಲೂ ಜನ ಕೇಳಿ ಕೊಳ್ಳತೊಡಗಿದರು. ಜಗಳೂರಿಗೆ ಮಾತ್ರ ಬಸ್ಸಿನಲ್ಲಿ ಹೋದ ಮಾಲು ಪಾಯಸವಾಗಿ ತಲುಪುತ್ತಿತ್ತು. ಜೀವಮಾನವಿಡೀ ಒಳ್ಳೆಯ ಅಡಿಕೆಗೆ ಕಳಪೆ ಬೆರೆಸಿ ಮಾರಿದ ಮಹಾಜ್ಞಾನಿ ನಾನಿರುವಾಗ ಇದೊಂದು ಸಮಸ್ಯೆಯೇ? ಅವಳು ತವರಿಗೆ ಹೋದ ವಾರ, ಬಿಸಿಲಿಗೆ ಕರಗದಿರಲೆಂದು ಚಾಕಲೇಟಿನ ಕಡಾಯಿಗೆ ವನಸ್ಪತಿ ಸುರಿದೆ.

ಮುಂದಿನ ತಿಂಗಳು ಇಬ್ಬರೂ ಜಗಳೂರಿಗೆ ಹೋದಾಗ ಅಂಗಡಿಯವರು ಸೊಸೆಯನ್ನು ಹೊಗಳಿದರು: “ಏನ್ ಮಾಲು ಮಾಡೀರಿ ತಾಯಿ! ಎಂಟು ದಿನದಿಂದ ಬಿಸಿಲಾಗೆ ಐತೆ, ಕಲ್ಲು ಇದ್ದಂಗೆ ಐತೆ.”

ನಾನು ಹಿಗ್ಗಿದೆ. ಸೊಸೆ ಒಂದು ತುಂಡು ಬಾಯಿಗೆ ಹಾಕಿಕೊಂಡು ನನ್ನತ್ತ ತಿರುಗಿದಳು.

“ಮಾವ, ಏನ್ ಹಾಕಿದ್ರಿ ಇದಕ್ಕೆ?”

“ಸ್ವಲ್ಪ ವನಸ್ಪತಿ, ಅಷ್ಟೇ ಕಣಮ್ಮ.”

“ಮ್ಯಾಲೆ ನನ್ನ ಸಹಿ ಐತಲ್ರಿ.”

ಅಂಗಡಿ ಅಂಗಡಿಗೆ ಹೋಗಿ ಎಲ್ಲವನ್ನೂ ವಾಪಸು ತಂದಳು. ಕಂಪನಿ ಮುಚ್ಚಿದಳು. ಕೇಳಿದವರಿಗೆ ಮಾಲು ಕೆಟ್ಟಿತು ಎಂದಳೇ ಹೊರತು ನನ್ನ ಸುದ್ದಿ ಎತ್ತಲಿಲ್ಲ. ಹೆಂಗಸಿಗೆ ವ್ಯಾಪಾರ ಒಗ್ಗಲಿಲ್ಲ ಎಂದು ಊರಿನವರು ಇಂದಿಗೂ ಹೇಳುತ್ತಾರೆ. ವ್ಯಾಪಾರ ಬಲ್ಲ ಗಂಡಸು ನಾನು, ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸಿದ್ದೇನೆ.