ಜಮೀನುದಾರರ ಸಹಿ

ಟಪಾಲ ಕಾಕಾ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣದ್ದು. ಮನಿಯಾರ್ಡರು ಪಡೆಯುವ ಮುದುಕಿಯರ ಹೆಬ್ಬೆಟ್ಟನ್ನು ತಾವೇ ಹಿಡಿದು ಶಾಯಿಯ ಡಬ್ಬಿಗೊಮ್ಮೆ, ಕಾಗದಕ್ಕೊಮ್ಮೆ ಒತ್ತಿ ಒತ್ತಿ ಆ ಬಣ್ಣ ಅವರ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅವರ ಹೆಂಡತಿ, ನಾನು ಕಾಕೂ ಎಂದು ಕರೆಯುತ್ತಿದ್ದವರು, "ಆ ಬೆರಳ ಮಡಚಿ ಉಣ್ರಿ, ತಾಟಿನ್ಯಾಗ ಬದನಿಕಾಯಿ ಬಿದ್ದಂಗ ಕಾಣತೈತಿ" ಎಂದು ರೇಗಿಸುತ್ತಿದ್ದರು.

ಆ ಬೆರಳಿನಿಂದ ಒಂದು ಸಂಜೆ ಅವರು ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದ್ದು ಇನ್ನೂ ಕಣ್ಣ ಮುಂದಿದೆ. ತಿರ್ಲಾಪುರದ ಆ ಮನೆಯ ಪಡಸಾಲೆಯಲ್ಲಿ ನಾವು ಐದು ಜನ ಇದ್ದೆವು. ಕಾಕಾ, ಕಾಕೂ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಅವರ ಒಬ್ಬಳೇ ಮಗಳು, ಕಾಕಾ ಅವರ ಬಾಲ್ಯದ ಗೆಳೆಯ, ಮತ್ತು ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ನಾನು. ಎಂಬತ್ತರ ದಶಕದ ಆರಂಭದ ಮಾತು. ನಾನು ಆ ಊರಿನ ಕನ್ನಡ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ, ಊರಿಗೆಲ್ಲ 'ಅಕ್ಕೋರು'.

ಗೆಳೆಯ ಮೈಕಿನ ಸೆಟ್ಟು ಕೊಳ್ಳಲು ನವಲಗುಂದದ ಒಂದು ಬ್ಯಾಂಕಿನಲ್ಲಿ ಸಾಲ ಕೇಳಿದ್ದ. ಲಗ್ನಕ್ಕೆ, ಭಜನೆಗೆ, ಎಲೆಕ್ಷನ್ನಿಗೆ ಬಾಡಿಗೆ ಕೊಡುವ ಆಸೆ. ಅಂದು ಸಾಲ ಮಂಜೂರಾಗಿ, ಇಬ್ಬರೂ ಸಹಿ ಮಾಡಿ, ಭಜಿ ಕಟ್ಟಿಸಿಕೊಂಡು ಬಂದಿದ್ದರು.

"ಇವತ್ತ ಬ್ಯಾಂಕಿನವ್ರು ನನಗ ಏನಂದಾರ ಗೊತ್ತೈತೇನ?" ಕಾಕಾ ಹೆಂಡತಿಯನ್ನು ಕೇಳಿದರು. "ಜಮೀನುದಾರ! ಛಾಪಿಸಿದ ಕಾಗದದಾಗ ಐತಿ. ಅದರ ಕೆಳಗ ಸಹಿ ಮಾಡಿ ಬಂದೇನಿ."

"ಎರಡ ಎಕರೆ ಎರಿ ಹೊಲಕ್ಕ ಜಮೀನುದಾರ!" ಕಾಕೂ ಬಾಯಿಗೆ ಸೆರಗು ಹಿಡಿದು ನಕ್ಕರು. "ಏಳ್ರಿ ಜಮೀನುದಾರ್ರ, ಎಮ್ಮಿಗೆ ನೀರ ಕುಡಸ್ರಿ."

"ತಡೀರಿ ವೈನಿ, ನನ್ನ ಮೈಕಿನ್ಯಾಗ ಮೊದಲ ಇದನ್ನ ಸಾರ್ತೇನಿ," ಎಂದ ಗೆಳೆಯ.

ಎಲ್ಲರೂ ನಕ್ಕೆವು. ಸಾಲಕ್ಕೆ ಹೊಲವುಳ್ಳ ಪರಿಚಯದವರೊಬ್ಬರ ಸಹಿ ಬೇಕಿತ್ತು, ಇವರು ಮಾಡಿದರು ಎಂದು ನಾವೆಲ್ಲ ತಿಳಿದೆವು. ದಿನವಿಡೀ ಮಕ್ಕಳಿಗೆ 'ಜಕ್ಕೆ ಇಳಿ ಕೊಟ್ಟರೆ ಜಾ' ಎಂದು ಕಾಗುಣಿತ ಹೇಳಿಕೊಡುವ ನನಗೂ ಏನೂ ಹೊಳೆಯಲಿಲ್ಲ.

ಕಾಕಾ ಟಪಾಲು ಹಂಚುವುದಷ್ಟೇ ಅಲ್ಲ, ಓದಿಯೂ ಹೇಳುವವರು. ಎಂಥ ಗೀಚಿದ ಅಕ್ಷರವೂ ಅವರ ಕಣ್ಣಿಗೆ ಸಿಗುತ್ತಿತ್ತು. ಕೆಟ್ಟ ಸುದ್ದಿಯಿದ್ದರೆ, "ಮೊದಲ ಒಂದ ತಂಬಿಗಿ ನೀರ ತರ್ರಿ, ನೀರಡಿಕಿ ಆಗೇತಿ" ಎಂದು ತರಿಸಿ, ಆ ನೀರನ್ನು ಮನೆಯವರಿಗೇ ಕುಡಿಸುತ್ತಿದ್ದರು. ಒಮ್ಮೆ ಮಿಲಿಟರಿಯಲ್ಲಿದ್ದ ಮಗನೊಬ್ಬ ತಾಯಿಗೆ, ಈ ವರ್ಷ ಬರುವುದಿಲ್ಲ, ಮೇಲಿಂದ ಮೇಲೆ ಕಾಗದ ಬರೆಸಬೇಡ ಎಂದು ಬರೆದಿದ್ದ. ಪಕ್ಕದಲ್ಲಿ ನಿಂತಿದ್ದ ನನಗೆ ಅಕ್ಷರ ಕಾಣುತ್ತಿತ್ತು. ಕಾಕಾ ಮಾತ್ರ "ರಜಾ ಸಿಕ್ಕರ ಬರ್ತೇನಿ ಯವ್ವಾ, ಹೊತ್ತಿಗೆ ಸರಿಯಾಗಿ ಉಣ್ಣು" ಎಂದು ಓದಿ ಮಡಚಿದರು. ಆಮೇಲೆ ಕೇಳಿದ್ದಕ್ಕೆ ಅವರೆಂದದ್ದು: "ಅಕ್ಕೋರ, ಬರದದ್ದೆಲ್ಲಾ ಓದಿದ್ರ ಆಕಿ ಇವತ್ತ ಒಲಿ ಹಚ್ಚತಿದ್ದಿಲ್ರಿ."

ಗೆಳೆಯನ ಮೈಕು ಒಂದು ವರ್ಷ ಸುತ್ತಲಿನ ಹಳ್ಳಿಗಳಲ್ಲೆಲ್ಲ ಕೂಗಿತು. ಒಂದು ಲಗ್ನದಲ್ಲಿ ಅಂಪ್ಲಿಫಾಯರು ಸುಟ್ಟುಹೋಯಿತು. ರಿಪೇರಿಗೆಂದು ಹುಬ್ಬಳ್ಳಿಗೆ ಒಯ್ದ ಸೆಟ್ಟು ಆಮೇಲೆ ಅವನ ಹೆಂಡತಿಯ ತಮ್ಮನ ಮನೆ ಸೇರಿತು. ಬ್ಯಾಂಕಿನ ಕಂತು ನಿಂತದ್ದನ್ನು ಅವನು ಯಾರಿಗೂ ಹೇಳಲಿಲ್ಲ. ದಿನಾ ಸಂಜೆ ಪಡಸಾಲೆಗೆ ಬಂದು ಚಾ ಕುಡಿಯುವುದನ್ನೂ ಬಿಡಲಿಲ್ಲ.

ಈ ನಡುವೆ ಕಾಕಾ ಅವರ ಮಗಳಿಗೆ ಧಾರವಾಡದಲ್ಲಿ ಟಿಸಿಎಚ್‌ಗೆ ಸೀಟು ಸಿಕ್ಕಿತು. ಶಿಕ್ಷಕಿಯಾಗುವ ತರಬೇತಿ ಅದು. ನಾನೇ ಕೂರಿಸಿಕೊಂಡು ಓದಿಸಿದ ಹುಡುಗಿ. ಆ ಪತ್ರವನ್ನು ಕಾಕಾ ಮನೆಗೆ ತಂದು, ಮಗಳ ಬಾಯಿಗೆ ಸಕ್ಕರೆ ಹಾಕಿ, ಆಮೇಲೆ ಕೊಟ್ಟರು. ಫೀಸಿಗೆ, ಹಾಸ್ಟೆಲಿಗೆ ಎಂದು ಅವಳ ಹೆಸರಿನಲ್ಲಿ ಪೋಸ್ಟಿನ ಪಾಸ್‌ಬುಕ್ಕಿನಲ್ಲಿ ವರ್ಷಗಟ್ಟಲೆ ಕೂಡಿಟ್ಟಿದ್ದರು. ಆಕೆಯೂ ಅಕ್ಕೋರಾಗುತ್ತಾಳೆ ಎಂದು ಊರಿಗೆಲ್ಲ ಹೇಳಿಯೂ ಆಗಿತ್ತು.

ಹದಿನೈದು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಕಾಕಾ ತಮ್ಮದೇ ಮನೆಯ ಹೊಸ್ತಿಲಾಚೆ ನಿಂತು, ತಮ್ಮದೇ ಹೆಸರನ್ನು, ಅಪ್ಪನ ಹೆಸರು ಅಡ್ಡಹೆಸರು ಸಮೇತ, ಕೂಗುತ್ತಿದ್ದರು. "ರಜಿಸ್ಟರ ಬಂದೈತ್ರಿ!"

"ಅವ್ರು ಮನ್ಯಾಗಿಲ್ರಿ, ಟಪಾಲ ಹಂಚಾಕ ಹೋಗ್ಯಾರ," ಎಂದು ಒಳಗಿನಿಂದ ಕಾಕೂ ರೂಢಿಯಂತೆ ಅಂದುಬಿಟ್ಟರು. ದನಿಯ ಗುರುತು ಹತ್ತಿದ ಮೇಲೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಏನ್ ಹುಚ್ಚ ಹಿಡದೈತ್ರಿ ನಿಮಗ?"

"ರಜಿಸ್ಟರ ಮನಿಗೇ ಮುಟ್ಟಿಸಬೇಕು. ದಾರ್ಯಾಗ ಒಡಿಯೂಹಂಗಿಲ್ಲ."

ಒಳಗೆ ಬಂದು ತಾವೇ ಸಹಿ ಮಾಡಿ, ಸಹಿಯ ಚೀಟಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಗೂಟಕ್ಕೆ ಸಿಗಿಸಿದ ಮೇಲೆಯೇ ಲಕೋಟೆ ಒಡೆದರು. ಒಡೆದು ನನ್ನ ಕೈಗೆ ಕೊಟ್ಟರು. "ನೀವ ಓದ್ರಿ ಅಕ್ಕೋರ. ಕನ್ನಡಕ ಎಲ್ಲಿಟ್ಟೇನೋ ಏನೋ."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು.

"ಜಾಮೀನುದಾರರಾದ ತಾವು..." ಎಂದು ಶುರುಮಾಡಿದೆ.

"ಜಮೀನುದಾರರಾದ ಅನ್ರಿ. ಇಲ್ಲದ ಇಳಿ ಯಾಕ ಹಚ್ಚತೀರಿ?"

ಬೆರಳಿಟ್ಟು ತೋರಿಸಿದೆ. ಜಕ್ಕೆ ಇಳಿ ಇತ್ತು. ಸಾಲಗಾರ ಕಂತು ನಿಲ್ಲಿಸಿದ್ದಾನೆ, ಜಾಮೀನು ಕೊಟ್ಟ ತಾವು ಬಾಕಿಯನ್ನೆಲ್ಲ ತುಂಬಬೇಕು, ಇಲ್ಲದಿದ್ದರೆ ಕೋರ್ಟು ಎಂದು ಬ್ಯಾಂಕಿನವರು ಬರೆದಿದ್ದರು.

"ರೊಕ್ಕ ನಾ ತಗೊಂಡೇನೇನ್ರಿ?"

"ಇಲ್ರಿ ಕಾಕಾ."

"ಮೈಕ ನಾ ತಗೊಂಡೇನೇನು?"

"ಇಲ್ರಿ."

"ಮತ್ತ ಕೊಡಾಂವ ಯಾರು?"

"ನೀವ್ರಿ."

ಎಲ್ಲೋ ತಪ್ಪಿ ಓದುತ್ತಿದ್ದೇನೆ ಎಂಬಂತೆ ಅವರು ನನ್ನ ಮುಖವನ್ನೇ ನೋಡಿದರು. ಮೊದಲು ನೀರು ಕುಡಿಸಿ ಆಮೇಲೆ ಓದಬೇಕಿತ್ತು ಎಂಬುದು ನನಗೆ ಆಗ ತೋಚಲಿಲ್ಲ.

ಅದೇ ದಿನ ಗೆಳೆಯನಿಗೂ ಅಂಥದೇ ಲಕೋಟೆ ಬಂದಿತ್ತು. "ಇಬ್ರೂ ಊರಾಗಿಲ್ಲ ಅಂತ ಬರದು ವಾಪಸ್ ಕಳಿಸಿಬಿಡೋ ದೋಸ್ತ," ಎಂದನಂತೆ. "ಕಣ್ಣೆದುರ ನಿಂತಾಂವನ್ನ ಊರಾಗಿಲ್ಲ ಅಂತ ಹೆಂಗ ಬರೀಲೋ?" ಎಂದು ಕಾಕಾ ಸಹಿ ಮಾಡಿಸಿಕೊಂಡೇ ಬಂದಿದ್ದರು. ಓದುವಾಗ ಇಡೀ ಕಾಗದವನ್ನೇ ಬದಲಿಸುತ್ತಿದ್ದ ಮನುಷ್ಯ, ಬರೆಯುವಾಗ ಒಂದು ಅಕ್ಷರ ಬದಲಿಸಲು ಒಲ್ಲರು. ಇದರ ತಲೆಬುಡ ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಅವರ ಜೊತೆ ಬ್ಯಾಂಕಿಗೆ ನಾನೂ ಹೋದೆ. ಮ್ಯಾನೇಜರು ಮೈಸೂರು ಕಡೆಯವರು, ಮೆತ್ತಗೆ ಮಾತಾಡುವವರು.

"ನೋಡಿ, ಅವರು ಕಟ್ಟದಿದ್ದರೆ ನೀವು ಕಟ್ಟಬೇಕು. ಅವರನ್ನೇ ಮೊದಲು ಕೇಳಬೇಕು ಅಂತಲೂ ಇಲ್ಲ. ಬ್ಯಾಂಕಿನ ಲೆಕ್ಕಕ್ಕೆ ನೀವಿಬ್ಬರೂ ಒಂದೇ."

"ಇಬ್ರೂ ಒಂದ ಅಂದ್ರ, ಮೈಕೂ ಅರ್ಧ ನಂದೇನ್ರಿ?"

"ಮೈಕು ಅವರದು. ಸಾಲ ಇಬ್ಬರದೂ."

"ಮೈಕ ಅವಂದು, ಸಾಲ ಇಬ್ಬರದು," ಕಾಕಾ ಪಾಠ ಒಪ್ಪಿಸುವ ಮಕ್ಕಳ ಹಾಗೆ ಎರಡು ಸಲ ಹೇಳಿಕೊಂಡರು. "ತಿಳೀಲಿಲ್ರಿ ಸಾಹೇಬ್ರ. ನೀವು ಚೊಲೊ ಹೇಳಾಕತ್ತೀರಿ, ನಂಗ ತಿಳೀವಲ್ದು."

ಮಗಳ ಫೀಸಿನ ಮಾತನ್ನು ನಾನು ತೆಗೆದೆ. ಮ್ಯಾನೇಜರು ಫೈಲನ್ನೊಮ್ಮೆ ತಿರುವಿ, "ಸಂಬಳ ಬರುವ ಇನ್ನೊಬ್ಬರು ಜಾಮೀನು ನಿಂತರೆ ಸಣ್ಣ ಸಣ್ಣ ಕಂತು ಮಾಡಿಕೊಡಬಹುದು. ಆಗ ಈಗಲೇ ಪೂರ್ತಿ ಕಟ್ಟುವುದು ಬೇಡ," ಎಂದರು. ಎಂದು, ನನ್ನ ಕಡೆ ತಿರುಗಿದರು. "ಟೀಚರ್, ನೀವು?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮೂರಲ್ಲಿ ತಾಯಿ ನನ್ನ ಪಗಾರದ ಮೇಲೆಯೇ ಇದ್ದಳು. ಇವೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ಇವು ಯಾವುವೂ ತಲೆಗೆ ಬಂದಿರಲಿಲ್ಲ. ಜಾ ಅಕ್ಷರದ ಆ ಇಳಿಯೊಂದೇ ಕಣ್ಣಿಗೆ ಕಟ್ಟಿತ್ತು. ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತ ಕೂತೆ.

ನನ್ನನ್ನು ಬಿಡಿಸಿದವರು ಕಾಕಾ. "ಅಕ್ಕೋರು ನನ್ನ ಜೋಡಿ ಕಾಗದ ಓದಾಕ ಬಂದಾರ್ರಿ ಸಾಹೇಬ್ರ, ಸಹಿ ಮಾಡಾಕಲ್ಲ," ಎಂದು ನಕ್ಕರು.

ಆ ರಾತ್ರಿ ಮಗಳು ಪಾಸ್‌ಬುಕ್ಕನ್ನು ತಂದೆಯ ಮುಂದಿಟ್ಟು, "ಕಟ್ಟಿಬಿಡ್ರಿ ಅಪ್ಪಾ," ಎಂದಳು. ಬಾಕಿಯೆಲ್ಲ ತೀರಿತು. ಫೀಸು ತುಂಬುವ ಕೊನೆಯ ದಿನ ಬಂತು, ಹೋಯಿತು. ಮುಂದಿನ ವರ್ಷ ಅರ್ಜಿ ಹಾಕಿದಾಗ ಅವಳ ನಂಬರು ಬರಲಿಲ್ಲ. ಹೊಲಿಗೆ ಕಲಿತು, ಶಲವಡಿಯ ಒಂದು ಮನೆಗೆ ಸೊಸೆಯಾಗಿ ಹೋದಳು.

ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಹೋಯಿತು. ಗೆಳೆಯನ ಮೇಲೆ ಆಗೋಣವೆಂದರೆ ಅವನು ಕೆಲವು ದಿನ ಮುಖ ತಪ್ಪಿಸಿ, ಆಮೇಲೆ ಮತ್ತೆ ಪಡಸಾಲೆಗೆ ಬಂದು ಕೂತ. ಕಾಕಾ ಅವನಿಗೆ ಚಾ ಕೊಡಿಸಿದರು. ಅಂಥವನಿಗೆ ಚಾ ಯಾಕೆಂದು ಕೇಳಿದರೆ, "ಅದಕ್ಕೂ ಒಂದ ನೋಟಿಸ ಕೊಡಬೇಕೇನ್ರಿ ಅಕ್ಕೋರ?" ಎಂದರು. ಕಾಕಾ ಅವರ ಮೇಲೆ ಸಿಟ್ಟಾಗೋಣವೆಂದರೆ ಒಂದು ಅನುಮಾನ ಅಡ್ಡ ಬರುತ್ತಿತ್ತು. ಊರ ಜನರ ಗೀಚಿದ ಅಕ್ಷರವನ್ನೆಲ್ಲ ಓದಬಲ್ಲವರು ಛಾಪಿಸಿದ ಒಂದು ಇಳಿಯನ್ನು ನಿಜವಾಗಿ ಕಾಣಲಿಲ್ಲವೇ? ಅಥವಾ ಕಂಡೂ, ಮನೆಯವರಿಗೆ ಆ ಸಂಜೆ ಊಟ ಸೇರಲಿ ಎಂದು, ಆ ತಾಯಿಗೆ ಓದಿದ ಹಾಗೆ, ಬೇರೆ ಓದಿ ಹೇಳಿದರೇ? ಕಾಕೂ ಅವರನ್ನೊಮ್ಮೆ ಕೇಳಿದೆ. "ನಂಗೂ ಗೊತ್ತಿಲ್ಲವ್ವ," ಎಂದರು. "ಅವ್ರಿಗರ ಗೊತ್ತೈತೋ ಇಲ್ಲೋ." ನನ್ನ ಮೇಲೆ ಸಿಟ್ಟಾಗುವ ಸರದಿಯೂ ಇತ್ತು. ಅದನ್ನು ಮುಂದೂಡುತ್ತ ಬಂದೆ.

ಕೆಲವು ವರ್ಷಗಳಾದ ಮೇಲೆ ನನಗೆ ಮಿಶ್ರಿಕೋಟಿಗೆ ವರ್ಗವಾಯಿತು. ತಾಯಿ ಇದ್ದ ಮನೆ ಬೀಳುವ ಹಾಗಿತ್ತು. ಹೊಸದು ಕಟ್ಟಿಸಲು ಕಲಘಟಗಿಯ ಒಂದು ಬ್ಯಾಂಕಿನಲ್ಲಿ ಸಾಲ ಕೇಳಿದೆ. ಜಾಮೀನು ಬೇಕು ಎಂದರು. ಜೊತೆಗಿದ್ದ ಮಾಸ್ತರರಲ್ಲಿ ಒಬ್ಬರಿಗೆ ಆ ವಾರವೇ ಜ್ವರ ಬಂತು. ಇನ್ನೊಬ್ಬರು ಯಾರಿಗೂ ಸಹಿ ಮಾಡುವುದಿಲ್ಲವೆಂದು ಹೆಂಡತಿಗೆ ಆಣೆ ಮಾಡಿ ಹೇಳಿದ್ದರಂತೆ. ಅವರನ್ನು ನಾನು ಬಯ್ಯಲಿಲ್ಲ. ಬಯ್ಯಲು ನನಗೆ ಬಾಯಿ ಎಲ್ಲಿತ್ತು? ಕಾಕೂ ಅವರಿಗೆ ಬರೆದ ಕಾಗದದಲ್ಲಿ ಇದನ್ನು ಸುಮ್ಮನೆ ಸುದ್ದಿಯೆಂದು ಬರೆದಿದ್ದೆ. ಆ ಮನೆಯಲ್ಲಿ ಕಾಗದ ಓದಿ ಹೇಳುವವರು ಯಾರೆಂಬುದು ಮರೆತಿತ್ತೋ, ಮರೆಯದೆಯೇ ಬರೆದೆನೋ, ಅದೂ ನನಗೆ ಸರಿಯಾಗಿ ಗೊತ್ತಿಲ್ಲ.

ಮುಂದಿನ ವಾರ ಕಾಕಾ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಶಾಲೆಯ ಮುಂದೆ ಬಂದು ಇಳಿದರು. ಅಷ್ಟರಲ್ಲಿ ನಿವೃತ್ತರಾಗಿದ್ದರು. ಹೆಗಲಿಗೆ ಚೀಲವಿರಲಿಲ್ಲ. ಕೈಯಲ್ಲಿ ಮಡಚಿದ ಕಾಗದವಿತ್ತು, ತಮ್ಮ ಎರಡೆಕರೆ ಹೊಲದ ಉತಾರ, ಅಂದರೆ ಪಹಣಿ.

"ಸಹಿ ಎಲ್ಲಿ ಮಾಡಬೇಕ ತೋರಸ್ರಿ."

"ಕಾಕಾ, ಅವತ್ತು ನವಲಗುಂದದಾಗ ನಾನು..." ಎಂದು ಬಾಯಿ ತೆರೆದೆ.

"ನಾಕ ಗಂಟೇಕ ಬಸ್ ಐತ್ರಿ ಅಕ್ಕೋರ, ಲಗೂ ಮುಗಸೂಣು," ಎಂದರು.

ಬ್ಯಾಂಕಿನಲ್ಲಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ಆಮೇಲೆ ಸಹಿ ಮಾಡಿ, ನನ್ನ ಖರ್ಚಿನಲ್ಲಿ ಒಂದು ಚಾ ಕುಡಿದು, ನಾಲ್ಕರ ಬಸ್ಸಿಗೆ ಹೋದರು.

ಆ ದಶಕ ಮುಗಿಯುವುದರೊಳಗೆ ಒಂದು ಬೆಳಗ್ಗೆ ಅವರು ತೀರಿಕೊಂಡ ತಾರು ಬಂತು. ನನ್ನ ಸಾಲದ ಏಳು ಕಂತು ಉಳಿದಿದ್ದವು. ತಿರ್ಲಾಪುರದ ಕಡೆಗೆ ಮೊದಲ ಬಸ್ಸು ನನ್ನ ಕಣ್ಣೆದುರೇ ಹೋಯಿತು. ನಾನು ಹತ್ತಲಿಲ್ಲ. ಆ ಕಾಗದದಲ್ಲಿ ಅವರ ಹೆಸರು ಇನ್ನೊಂದು ದಿನವೂ ಇರಬಾರದು ಎಂಬುದೊಂದೇ ತಲೆಯಲ್ಲಿತ್ತು. ಕೂಡಿಟ್ಟದ್ದನ್ನೆಲ್ಲ ತೆಗೆದುಕೊಂಡು ಕಲಘಟಗಿಗೆ ಹೋಗಿ, ಬ್ಯಾಂಕು ತೆರೆಯುವತನಕ ಮೆಟ್ಟಿಲ ಮೇಲೆ ಕೂತು, ಏಳೂ ಕಂತು ಒಟ್ಟಿಗೆ ತುಂಬಿ, ಆಮೇಲೆ ಬಸ್ಸು ಹಿಡಿದೆ. ತಿರ್ಲಾಪುರ ಮುಟ್ಟುವಷ್ಟರಲ್ಲಿ ಮಣ್ಣು ಮುಗಿಸಿ ಜನ ತಿರುಗಿ ಬರುತ್ತಿದ್ದರು.