ಒಂದು ಹೂಂ

ಹೋದ ವಾರ ದಸರೆ ಬಂತೆಂದು ಮನೆ ಝಾಡಿಸುವಾಗ ಟ್ರಂಕಿನಿಂದ ನನ್ನ ಹಳೆಯ ಸ್ವೆಟರ್ ಹೊರಬಿತ್ತು. ನುಸಿಗುಳಿಗೆಯ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ಪುಣೆಯ ಚಳಿಗೆಂದು ಕೊಂಡದ್ದಲ್ಲ ಅದು, ಸುಡುವ ಮೇ ತಿಂಗಳಲ್ಲೂ ತೊಟ್ಟುಕೊಂಡು ಓಡಾಡಿದ್ದೇನೆ. ನೋಡಿದವರು ಈತನಿಗೆ ಜ್ವರವೋ, ತಲೆ ಕೆಟ್ಟಿದೆಯೋ ಅಂದುಕೊಂಡಿರಬೇಕು. ನನ್ನ ಕೆಲಸ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಕೋಣೆಯಲ್ಲಿತ್ತು. ಅಲ್ಲಿ ಏಸಿ ಹಾಕಿಸಿದ್ದು ಯಂತ್ರಗಳಿಗಾಗಿ, ನಡುಗುವುದು ನಮ್ಮ ಪಾಲಿಗೆ. ಜೇಬಿಗೆ ಕೈ ಹಾಕಿದರೆ ನಾಲ್ಕು ಮಡಿಕೆ ಮಾಡಿದ ಚೀಟಿ ಸಿಕ್ಕಿತು. ಅಕ್ಷರ ನನ್ನದೇ, ಭಾಷೆ ಮರಾಠಿ: 'ವಿಚಾರಲ್ಯಾಶಿವಾಯ ಬಂದ್ ಕರೂ ನಯೇ'. ಕೇಳದೆ ಬಂದ್ ಮಾಡಬಾರದು. ಓದಿದವನು ಝಾಡಿಸುವುದನ್ನು ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಎಲೆ ಅಡಿಕೆಯ ಚಟವಿಲ್ಲ, ತಂಬಾಕಿನದೂ ಇಲ್ಲ. ಇರುವುದು 'ಹೂಂ' ಅನ್ನುವ ಚಟ. ಯಾರು ಏನು ಕೇಳಿದರೂ ತಲೆ ಎತ್ತದೆ ಹೂಂ ಅನ್ನುತ್ತೇನೆ. ನನ್ನ ಹೆಂಡತಿ ಒಮ್ಮೆ ಪರೀಕ್ಷೆ ಮಾಡಲೆಂದೇ, "ಅಡಿಗಿಮನ್ಯಾಗ ಆನಿ ಬಂದದ ನೋಡ್ರಿ" ಅಂದಳಂತೆ. ನಾನು ಹೂಂ ಎಂದು ಪೇಪರಿನ ಪುಟ ತಿರುವಿದೆನಂತೆ. ಮದುವೆಯ ದಿನವೂ ಹೀಗೆಯೇ ಹೂಂ ಅಂದಿರಬೇಕು ಎಂದು ಅವಳ ಅನುಮಾನ. ಇರಲಿ, ಅದನ್ನು ಕೆದಕುವುದು ಬೇಡ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದೊಡ್ಡ ಕಂಪ್ಯೂಟರಿನ ಮುಂದೆ ವಿಜ್ಞಾನಿಗಳ ಪಾಳಿ ತಿಂಗಳುಗಟ್ಟಲೆ. ಹಾಗಾಗಿ ನನಗೊಂದು ಹುಚ್ಚು ಹಿಡಿಯಿತು. ಎಂಟು ವಿಭಾಗಗಳಲ್ಲಿ ಸುಮ್ಮನೆ ಕೂತಿದ್ದ ಸಾಧಾರಣ ಕಂಪ್ಯೂಟರುಗಳನ್ನೆಲ್ಲ ಕೇಬಲ್ಲಿನಿಂದ ಒಂದಕ್ಕೊಂದು ಬಿಗಿದು, ದೊಡ್ಡ ಲೆಕ್ಕವನ್ನು ಚೂರುಚೂರಾಗಿ ಹಂಚಿ, ಎಲ್ಲವೂ ಸೇರಿ ಮಾಡುವಂತೆ ಹೂಡುವುದು. ಕೇಬಲ್ ಎಳೆಯಲು, ಕರೆಂಟು ಕೊಡಲು ಜೊತೆಗಿದ್ದವರು ಶರಣಪ್ಪ. ಕಲಬುರಗಿ ಕಡೆಯವರು. ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಹಡಪಸರದಲ್ಲಿ ನೆಲೆಸಿದ್ದರು. ಇವರೊಬ್ಬರು ವೈರಿಂಗ್ ಕಲಿತು ಗುತ್ತೇದಾರನ ಕೈಕೆಳಗೆ ನಮ್ಮ ಸಂಸ್ಥೆಗೆ ಬರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ನಾನು 'ಶರಣಪ್ಪ' ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು 'ಸಾಹೇಬ್ರ' ಅನ್ನುತ್ತಿದ್ದರು.

ನಾನು ಹೂಡಿದ್ದನ್ನು ವಿಜ್ಞಾನಿಗಳಿಗೆ ತಿಳಿಸಲು ಬೋರ್ಡಿನ ತುಂಬ ಚಿತ್ರ ಬರೆದೆ, ಗಂಟಲು ಹರಿದುಕೊಂಡೆ. ಶರಣಪ್ಪ ಏಣಿಯ ಮೇಲಿಂದಲೇ ಕೇಳಿಸಿಕೊಂಡು, "ಸ್ಲ್ಯಾಬ್ ಹಾಕೋವಾಗ ಸಾಲಿಗೆ ನಿಂತು ಬುಟ್ಟಿ ದಾಟಸ್ತಾರಲ್ರಿ, ಹಂಗ ಅಲ್ಲೇನ್ರಿ?" ಅಂದರು.

"ಹಂಗ ನೋಡು" ಅಂದೆ.

"ಹಂಗಾರ ನಡುವ ಒಬ್ಬಾಂವ ಕೂತ ಅಂದ್ರ ಎಲ್ಲಾರೂ ನಿಂತ್ರು. ಸ್ಲ್ಯಾಬ್ ಹಾಳಾತು."

ಅಷ್ಟು ಸರಿಯಾಗಿ ಅದನ್ನು ತಿಳಿದುಕೊಂಡವರು ಇಡೀ ಸಂಸ್ಥೆಯಲ್ಲಿ ಇನ್ನೊಬ್ಬರಿರಲಿಲ್ಲ.

ನಮ್ಮ ಸಾಲಿಗೆ ಬಂದ ಮೊದಲ ದೊಡ್ಡ ಲೆಕ್ಕ ಮಾಧವಿ ಎಂಬ ಸಂಶೋಧನಾ ವಿದ್ಯಾರ್ಥಿನಿಯದು. ಮುಂಗಾರಿನ ಮೋಡಗಳು ಹೇಗೆ ಕಟ್ಟುತ್ತವೆ, ಎಲ್ಲಿ ಒಡೆಯುತ್ತವೆ ಎನ್ನುವ ಲೆಕ್ಕ. ಆಗಾಗ ನಿಂತು, ಆದಷ್ಟನ್ನು ಉಳಿಸಿಕೊಂಡು ಮುಂದೆ ಹೋಗುವ ವ್ಯವಸ್ಥೆ ಮಾಡಬಹುದಿತ್ತು. ಅದರಿಂದ ಓಟ ನಿಧಾನವಾಗುತ್ತದೆ ಎಂದು ನಾನೇ ಬೇಡವೆಂದೆ. ನನ್ನ ಸಾಲು ಎಷ್ಟು ಚುರುಕು ಎಂದು ತೋರಿಸುವ ಚಪಲ. ಲೆಕ್ಕ ಇಪ್ಪತ್ತಾರು ದಿನ ಎಲ್ಲೂ ನಿಲ್ಲದೆ ಓಡಿತು.

ಇಪ್ಪತ್ತೇಳನೆಯ ದಿನ ಖಂಡೇನವಮಿ. ಆವತ್ತು ನಮ್ಮ ಕಡೆ ಈಳಿಗೆಯಿಂದ ಹಿಡಿದು ಇಕ್ಕಳದವರೆಗೆ ಎಲ್ಲಕ್ಕೂ ಪೂಜೆ, ಎಲ್ಲಕ್ಕೂ ವಿಶ್ರಾಂತಿ. ಓಡುವ ಯಂತ್ರಕ್ಕೆ ಕುಂಕುಮ ಹಚ್ಚುವಂತಿಲ್ಲ. ವರ್ಷವರ್ಷವೂ ಶರಣಪ್ಪ ವಿಭಾಗ ವಿಭಾಗಕ್ಕೆ ಹೋಗಿ ಯಂತ್ರಗಳನ್ನು ಬಂದ್ ಮಾಡಿ, ಒರೆಸಿ, ಚೆಂಡು ಹೂ ಏರಿಸಿ ಬರುತ್ತಿದ್ದರು. ಅದರ ಪ್ರಸಾದದ ಪೇಢೆಯನ್ನು ನಾನೂ ಚಪ್ಪರಿಸಿ ತಿಂದವನೇ. ಆ ವರ್ಷ ಮಾತ್ರ ಅವರು ಮೊದಲು ನನ್ನ ಬಾಗಿಲಿಗೆ ಬಂದು ನಿಂತರು. ನಾನು ಫೋನಿನಲ್ಲಿ ಯಾರೊಡನೆಯೋ ಕೇಬಲ್ ಬಂದಿಲ್ಲವೆಂದು ಜಗಳಕ್ಕೆ ಬಿದ್ದಿದ್ದೆ.

"ಸಾಹೇಬ್ರ, ಬುಟ್ಟಿ ನಡದಾವೇನೋ ಅಂತ ಕೇಳಾಕ ಬಂದೆ. ಎಲ್ಲಾ ಬಂದ್ ಮಾಡ್ಲೇನ್ರಿ?"

"ಹೂಂ" ಅಂದೆ. ತಲೆ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಧವಿ ನಿರ್ದೇಶಕರ ಕೋಣೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಳು. ಇಪ್ಪತ್ತಾರು ದಿನದ ಮೋಡದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ನನ್ನನ್ನೂ ಶರಣಪ್ಪನವರನ್ನೂ ಕರೆಸಿದರು. ನಿರ್ದೇಶಕರು ಮರಾಠಿಯಲ್ಲಿ, ಬಂದ್ ಮಾಡು ಎಂದು ನಿನಗೆ ಯಾರು ಹೇಳಿದರು ಎಂದು ಗದರಿದರು. ಶರಣಪ್ಪ ಒಂದು ಸಲ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡಿದೆ. ಆಮೇಲೆ ಅವರು, "ರಿವಾಜ್ ಆಹೇ ಸಾಹೇಬ್, ದರ್‌ವರ್ಷೀ ಕರತೋ" ಅಂದರು. ಪದ್ಧತಿ ಅದ, ಪ್ರತಿ ವರ್ಷ ಮಾಡ್ತೀನಿ, ಅಷ್ಟೆ. ನನ್ನ ಹೆಸರು ಎತ್ತಲೇ ಇಲ್ಲ. ಊರಿಗೆಲ್ಲ ಹೂಂಗುಟ್ಟುವ ನನ್ನ ಬಾಯಿ, ಬೇಕಾದಾಗ ಹೂಂ ಅನ್ನಲಿಲ್ಲ.

ದಸರೆ ಮುಗಿದ ಮೇಲೆ ಶರಣಪ್ಪ ಬರಲಿಲ್ಲ, ಗುತ್ತೇದಾರನಿಗೆ ಹೇಳಿ ಅವರನ್ನು ಬಿಡಿಸಿದ್ದರು. ನಾನು, ಬಾಗಿಲುಬಾಗಿಲಿಗೂ ತೂಗಿ ಬಂದವರನ್ನು ಗದರಿಸುವ ಪುಣೇರಿ ಫಲಕಗಳ ಗತ್ತಿನಲ್ಲಿ, ಈ ಚೀಟಿ ಬರೆದು ಎಂಟೂ ವಿಭಾಗಗಳ ಯಂತ್ರಗಳಿಗೆ ಅಂಟಿಸಿದೆ. ಕೇಳದೆ ಬಂದ್ ಮಾಡಬಾರದಂತೆ! ಕೇಳಿದ ಒಬ್ಬನೇ ಮನುಷ್ಯನನ್ನು ಮನೆಗೆ ಕಳಿಸಿ ಬರೆದದ್ದು ಅದು. ಮಾಧವಿಯ ಲೆಕ್ಕವನ್ನು ಈ ಸಲ ನಡುನಡುವೆ ಉಳಿಸಿಕೊಳ್ಳುವಂತೆ ಮತ್ತೆ ಓಡಿಸಿದೆ. ಅವಳ ಪ್ರಬಂಧ ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು. ನಾಚಿಕೆಗೇಡಿನ ಮಾತು, ಅದನ್ನು ಹೆಂಡತಿಗೂ ತೋರಿಸಿದೆ.

ಎರಡು ತಿಂಗಳು ಮನೆಯಲ್ಲಿ ಕೂತ ಮೇಲೆ ಶರಣಪ್ಪನವರಿಗೆ, ಅಷ್ಟವಿನಾಯಕರಲ್ಲೊಬ್ಬ ಗಣಪತಿಯ ಗುಡಿಯಿರುವ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಕೇಳಿದೆ. ಹಡಪಸರದಿಂದ ಹೊತ್ತು ಮೂಡುವ ಮೊದಲೇ ಬಸ್ಸು ಹಿಡಿಯಬೇಕು. ಒಂದು ಭಾನುವಾರ, ಅವರಿಗೆ ಆವತ್ತೂ ಪಾಳಿಯಿದೆಯೆಂದು ತಿಳಿದು, ಹೋದೆ. ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕರು.

"ಅರೆ, ಸಾಹೇಬ್ರ! ಗಣಪ್ಪನ ದರ್ಶನಕ್ಕ ಬಂದಿದ್ರೇನ್ರಿ?"

"ಹೂಂ" ಅಂದೆ. ನೋಡಿ, ಅಲ್ಲಿಯೂ!

ಚಹಾ ಬಂತು. "ಆ ತಾಯೀದು ಮಳಿ ಲೆಕ್ಕ ಮುಗೀತೇನ್ರಿ?" ಎಂದು ಕೇಳಿದರು. ಮುಗಿಯಿತು ಎಂದೆ. "ಛಲೋ ಆತು. ಭಾಳ ಕೆಟ್ಟ ಅನಿಸಿತ್ರಿ ನನಗ, ಆಕೀ ಮಾರಿ ನೋಡಿ." ಲೋಟ ಕೆಳಗಿಟ್ಟರು. "ಚೀಟಿ ಅಂಟಿಸೀರಂತಲ್ಲ, ಕೇಳದ ಬಂದ್ ಮಾಡಬಾರ್ದು ಅಂತ. ನಾ ಕೇಳಿದ್ದೆ ಅಲ್ರಿ, ಸಾಹೇಬ್ರ?"

"ಕೇಳಿದ್ರಿ ಶರಣಪ್ಪ. ಹೂಂ ಅಂದಾಂವ ನಾನ. ತಪ್ಪು ನಂದ."

ಅವರು ಸಿಟ್ಟು ಮಾಡಲಿಲ್ಲ. "ಇದನ್ನ ಅಲ್ಲಿ ಹೇಳಬೇಕಿತ್ರಿ ನೀವು" ಅಂದರು. ಚಹಾದ ದುಡ್ಡನ್ನೂ ಅವರೇ ಕೊಟ್ಟರು.

ಸೋಮವಾರ ಗಟ್ಟಿ ಮನಸ್ಸು ಮಾಡಿ ನಿರ್ದೇಶಕರ ಬಾಗಿಲಿಗೆ ಹೋದೆ. ಹಳಬರು ನಿವೃತ್ತರಾಗಿದ್ದರು. ಹೊಸಬರು ನನ್ನ ಮಾತಿನ ಅರ್ಧಕ್ಕೇ, ಹಳೇ ವಿಷಯ, ಬಿಟ್ಟುಬಿಡಿ ಎಂದು ಕೈ ಆಡಿಸಿದರು. ಬಿಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಹಗುರವಾಗಿಯೇ ಹೊರಗೆ ಬಂದೆ. ಹಿಂತಿರುಗುವಾಗ ಒಂದು ಯಂತ್ರದ ಮೇಲಿನ ಚೀಟಿ ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಂಡದ್ದಷ್ಟೇ ನನ್ನ ಪ್ರಾಯಶ್ಚಿತ್ತ.

ಈಗ ಇಂಥ ಸಾಲುಗಳು ದೇಶದುದ್ದಕ್ಕೂ ಇವೆ. ಒಂದು ಯಂತ್ರ ನಿಂತರೆ ಇನ್ನೊಂದು ತಾನಾಗಿಯೇ ಬುಟ್ಟಿ ಹಿಡಿಯುತ್ತದೆ, ಯಾರನ್ನೂ ಕೇಳುವ ಕಾರಣವಿಲ್ಲ. ಇದನ್ನು ಟೈಪು ಮಾಡುತ್ತ ಕೂತಿದ್ದೇನೆ. ನಾಳೆ ಖಂಡೇನವಮಿ. ಒಳಗಿನಿಂದ ಹೆಂಡತಿ ಒರೆಸುವ ಬಟ್ಟೆ ಹಿಡಿದು ಬಂದಿದ್ದಾಳೆ.

"ನಿಮ್ಮ ಕಂಪ್ಯೂಟರ್ ಬಂದ್ ಮಾಡ್ಲೇನ್ರಿ?"

ತುಟಿ ಆಗಲೇ ಹೂಂಗೆ ಕೂಡಿತ್ತು. ತಲೆ ಎತ್ತಿ ಅವಳ ಮುಖ ನೋಡಿದೆ.

"ಬ್ಯಾಡ, ತಡಿ. ಇನ್ನೂ ಒಂದ್ ಮಾತು ಬರಿಯೋದದ."

ಆ ಮಾತು ಇದು: ಆವತ್ತು ಶರಣಪ್ಪನವರು ನನ್ನನ್ನು ಕೇಳಿಯೇ ಬಂದ್ ಮಾಡಿದ್ದರು.