ಇಕ್ಕುವುದು, ಬಡಿಸುವುದು

ತೊಂಬತ್ತರ ದಶಕದಲ್ಲಿ ನಾನು ಹಲಸೂರಿನಿಂದ ಇಂದಿರಾನಗರಕ್ಕೆ ನಡೆದುಹೋಗಿ ದೊಡ್ಡ ಮನೆಗಳ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದೆ. ಕಾಫಿ ಯಾವುದರಲ್ಲಿ ಬರುತ್ತದೆ ಎಂಬುದರಿಂದಲೇ ನನ್ನ ಸ್ಥಾನ ತಿಳಿಯುತ್ತಿತ್ತು. ಹೂವಿನ ಕಪ್ಪು ಅತಿಥಿಗಳಿಗೆ, ಸ್ಟೀಲ್ ಲೋಟ ಕೆಲಸದವರಿಗೆ, ನನಗೆ ಹಿಡಿ ಮುರಿದ ಕಪ್ಪು. ಚೆನ್ನಾಗಿಯೇ ಯೋಚಿಸಿದ್ದರು ಪುಣ್ಯಾತ್ಮರು.

ಒಂದು ಮನೆಯ ಆರು ವರ್ಷದ ಹುಡುಗಿಗೆ ಕನ್ನಡ ಆಗಲೇ ಪಟಪಟನೆ ಬರುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬಿಟ್ಟರೆ ಹಿಂದಿ, ಅಪ್ಪ ಮನೆಯಲ್ಲಿ ಸಿಗುವುದೇ ಅಪರೂಪ. ಕನ್ನಡ ಕಲಿಸಿದವಳು ಹೊರಮಾವಿನಿಂದ ಬರುತ್ತಿದ್ದ ಆಯಾ. ಮತ್ತೆ ನಾನೇಕೆ? ಮೈಸೂರಿನ ಅಜ್ಜಿ ಬಂದಿದ್ದಾಗ, ನೆಂಟರೆಲ್ಲ ಊಟಕ್ಕೆ ಕೂತಿರುವಾಗ, ಮಗು "ಅಜ್ಜಿ, ಇನ್ನೊಸಿ ಅನ್ನ ಇಕ್ಕು" ಅಂದಿತ್ತಂತೆ. ಅಜ್ಜಿ ಮಗನನ್ನು ಒಳಗೆ ಕರೆದರಂತೆ. "ಇದೇನೋ ಇದು, ಮಗು ಕೆಲಸದವರ ಹಾಗೆ ಮಾತಾಡತ್ತೆ! ದೀಪಾವಳಿಗೆ ಬರ್ತೀನಿ. ಅಷ್ಟರಲ್ಲಿ ಸರಿಹೋಗದಿದ್ರೆ ಆ ಆಯಾನ ಕೆಲಸದಿಂದ ಬಿಡಿಸಿಬಿಡು."

ಇದನ್ನೆಲ್ಲ ನನಗೆ ಹೇಳಿದವಳು ಆ ಆಯಾನೇ. "ಬಿರ್ನೆ ಕಲ್ಸಿ ಟೀಚರಮ್ಮ. ಈ ಕೆಲ್ಸ ಹೋದ್ರೆ ಎಲ್ಲಿಗೋಗ್ಲಿ ನಾನು?"

ನಮ್ಮ ಮನೆಯಲ್ಲೂ ಅವ್ವ ಇಕ್ಕುತ್ತಿದ್ದಳೇ ಹೊರತು ಬಡಿಸುತ್ತಿರಲಿಲ್ಲ. ಬಡಿಸುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಿ, ಗೆಳತಿಯರು ಬಿದ್ದು ಬಿದ್ದು ನಕ್ಕ ಮೇಲೆ. ಹಾಗಾಗಿ ಏನೇನು ಕಿತ್ತುಹಾಕಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಉಣ್ಣುವುದು ಹೋಗಿ ಊಟ ಮಾಡುವುದು ಬಂತು, ಮೊಕ ಹೋಗಿ ಮುಖ ಬಂತು. ದೊಡ್ಡವರಿಗೆ ಬನ್ನಿ, ಕೂತ್ಕೊಳ್ಳಿ. ಆಯಾ ಕೂಡ ಕೈಜೋಡಿಸಿದಳು, ಮಗುವಿನೆದುರು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಕಥೆ ಹೇಳು ಎಂದು ಅದು ಸೆರಗು ಜಗ್ಗಿದರೆ, "ಟೀಚರಮ್ಮನ್ನ ಕೇಳೋಗು" ಎಂದು ಸಾಗಹಾಕುತ್ತಿದ್ದಳು. ನನಗೋ ಕಥೆ ಹೇಳಲು ಬರುತ್ತಿರಲಿಲ್ಲ.

ದೀಪಾವಳಿಯ ದಿನ ನನ್ನನ್ನೂ ಕರೆದರು. ಕುರ್ಚಿ ಹಾಕಿದ್ದರು, ಆದರೆ ಊಟದ ಮೇಜಿಗಲ್ಲ, ಗೋಡೆಯ ಪಕ್ಕಕ್ಕೆ. ಮಗು ನೆಟ್ಟಗೆ ಕೂತು, "ಅಜ್ಜಿ, ಸ್ವಲ್ಪ ಅನ್ನ ಬಡಿಸಿ" ಎಂದಿತು.

"ಭೇಷ್! ಈಗ ನಮ್ಮನೆ ಮಗು ಅನ್ನಿಸತ್ತೆ," ಎಂದು ಅಜ್ಜಿ ಅದರ ಕೆನ್ನೆ ಸವರಿದರು. ಆಯಾಳ ಕೆಲಸ ಗಟ್ಟಿಯಾಯಿತು ಎಂದು ನನಗೂ ಉಸಿರು ಬಂತು.

ಆಮೇಲೆ ಮಗು ಬಾಗಿಲ ಬಳಿ ನಿಂತಿದ್ದ ಆಯಾಳ ಕಡೆ ತಿರುಗಿತು. "ಏ ಆಯಾ, ನೀರು ತಗೊಂಡು ಬಾ." ಅಮ್ಮನದೇ ಗತ್ತು. ಅದನ್ನು ನಾನು ಕಲಿಸಿರಲಿಲ್ಲ. ಆಕೆ ತಂದಿಟ್ಟು ಒಳಗೆ ಹೋದಳು.

ಹೊರಡುವಾಗ ಅಡುಗೆಮನೆಗೆ ಇಣುಕಿದೆ. ಆಕೆ ಪಾತ್ರೆ ಉಜ್ಜುತ್ತಿದ್ದಳು.

"ಕೆಲ್ಸ ಉಳೀತಲ್ಲ, ಬಿಡಮ್ಮ," ಎಂದೆ.

"ಊಂ, ಉಳೀತು. ನಿಮ್ಮೊಟ್ಟೆ ತಣ್ಗಿರ್ಲಿ ಟೀಚರಮ್ಮ." ಅಳುತ್ತಿದ್ದಳು. ಕೈಯೆಲ್ಲ ಸೋಪಿನ ನೊರೆ, ಒರೆಸಿಕೊಳ್ಳಲಾಗಲಿಲ್ಲ. "ಮೊನ್ನೆಗಂಟ ನನ್ ತಟ್ಟೇಲೇ ಉಣ್ತಿತ್ತು."